ನಗರದ ಕಥೊಲಿಕ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ: ನಮ್ಮ ಕುಟುಂಬಗಳು ತಿಳಿದಿರಬೇಕಾದ ವಿಷಯಗಳು

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ವಾರ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಕೇಳಿಬರುವ ಮಾತು ಒಂದೇ: "ಮಗುವನ್ನು ಮುಂದೆ ಎಲ್ಲಿಗೆ ಸೇರಿಸುವುದು?" ಹಿಂದೆ ಇದಕ್ಕೆ ಉತ್ತರ ಸುಲಭವಿತ್ತು. ಹತ್ತಿರದ ಕಾಲೇಜು, ಇಲ್ಲವಾದರೆ ಮಂಗಳೂರಿನ ಕಾಲೇಜು. ಎರಡೂ ಕಡೆ ಸಿಗುತ್ತಿದ್ದದ್ದು ಒಂದೇ ವಿಶ್ವವಿದ್ಯಾನಿಲಯದ ಪದವಿ. ಈಗ ಹಾಗಿಲ್ಲ. ನಮ್ಮ ಹಳೆಯ ಕಥೊಲಿಕ ಕಾಲೇಜುಗಳಲ್ಲಿ ಕೆಲವು ತಾವೇ ವಿಶ್ವವಿದ್ಯಾನಿಲಯಗಳಾಗಿವೆ. ಪಾಠಪಟ್ಟಿ, ಪರೀಕ್ಷೆ, ಪದವಿ ಪತ್ರ ಎಲ್ಲವೂ ಅವುಗಳದೇ. ಶುಲ್ಕವನ್ನೂ ಅವು ತಾವೇ ಗೊತ್ತುಮಾಡುತ್ತವೆ.

ಹೆಸರು ಕೇಳಿದ ಕೂಡಲೇ ಸೇರಿಸುವವರೂ ಇದ್ದಾರೆ, ಹೆಸರು ಕೇಳಿದ ಕೂಡಲೇ "ನಮ್ಮಂಥವರಿಗಲ್ಲ" ಎಂದು ಹಿಂದೆ ಸರಿಯುವವರೂ ಇದ್ದಾರೆ. ಎರಡೂ ತಪ್ಪು. ಇಂತಹ ಸಂಸ್ಥೆ ಎಂದರೇನು, ಅಲ್ಲಿ ಏನನ್ನು ಕಲಿಸುತ್ತಾರೆ, ಖರ್ಚಿಗೆ ದಾರಿ ಯಾವುದು, ಧರ್ಮಕೇಂದ್ರ ಏನು ಮಾಡಬಹುದು ಎಂಬುದನ್ನು ಪೋಷಕರಿಗೂ ವಾರ್ಡಿನ ಗುರಿಕಾರರಿಗೂ ಉಪಯೋಗವಾಗುವಂತೆ ಇಲ್ಲಿ ಒಟ್ಟುಗೂಡಿಸಿದ್ದೇವೆ.

1. ನಮಗೆ ಹತ್ತಿರವಿರುವ ಮೂರು ಸಂಸ್ಥೆಗಳು

ಸಂತ ಅಲೋಶಿಯಸ್, ಮಂಗಳೂರು: ಇಟಲಿಯಿಂದ ಹೊರಟ ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದರು. ಒಂದು ವರ್ಷ ಕಳೆದ ಕೂಡಲೇ, 1880ರ ಜನವರಿ 12ರಂದು, ಕಾಲೇಜು ಆರಂಭವಾಯಿತು. ಆಗ ಪದವಿ ಕೊಡುತ್ತಿದ್ದದ್ದು ಮದ್ರಾಸ್ ವಿಶ್ವವಿದ್ಯಾನಿಲಯ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಕಾಲೇಜು ಅದರ ವ್ಯಾಪ್ತಿಗೆ ಬಂತು. 2007ರಲ್ಲಿ ಸ್ವಾಯತ್ತ ಸ್ಥಾನ ದೊರಕಿತು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಇದನ್ನು ಪರಿಗಣಿತ (ಡೀಮ್ಡ್) ವಿಶ್ವವಿದ್ಯಾನಿಲಯವೆಂದು ಘೋಷಿಸಿತು. ಗುಡ್ಡದ ಮೇಲಿನ ಹಳೆಯ ಕಟ್ಟಡ, 1884ರ ಚಾಪೆಲ್, ಅದರ ಗೋಡೆ ಮಾಡುಗಳ ಮೇಲೆ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಚಿತ್ರಗಳು ನಮಗೆಲ್ಲ ಪರಿಚಿತ. ಎಂ.ಬಿ.ಎ., ಎಂ.ಸಿ.ಎ. ತರಗತಿಗಳು ಬೀರಿಯ ಕ್ಯಾಂಪಸ್ಸಿನಲ್ಲಿ ನಡೆಯುತ್ತವೆ. ರೇಡಿಯೊ ಸಾರಂಗ್ 107.8 ಎಂಬ ಸಮುದಾಯ ಬಾನುಲಿಯೂ ಈ ಸಂಸ್ಥೆಯದೇ.

ಸಂತ ಜೋಸೆಫರ ವಿಶ್ವವಿದ್ಯಾನಿಲಯ, ಬೆಂಗಳೂರು: ಇದರ ಮೂಲ 1882ರಲ್ಲಿ ಫ್ರಾನ್ಸಿನ ಎಂ.ಇ.ಪಿ. ಮಿಷನರಿಗಳು ತೆರೆದ ಕಾಲೇಜು. 1937ರಲ್ಲಿ ಆಡಳಿತ ಯೇಸುಸಭೆಯ ಕೈಗೆ ಬಂತು. ರಾಜ್ಯ ಶಾಸನಸಭೆ 2021ರಲ್ಲಿ ಮಾಡಿದ ಪ್ರತ್ಯೇಕ ಕಾಯಿದೆಯಿಂದ ಇದು ಸರಕಾರ ಮತ್ತು ಖಾಸಗಿ ಸಹಭಾಗಿತ್ವದ ವಿಶ್ವವಿದ್ಯಾನಿಲಯವಾಯಿತು. 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು.

ಕ್ರೈಸ್ಟ್ (ಪರಿಗಣಿತ ವಿಶ್ವವಿದ್ಯಾನಿಲಯ), ಬೆಂಗಳೂರು: ಸಂತ ಚಾವರ ಕುರಿಯಾಕೋಸ್ ಏಲಿಯಾಸರು ಸ್ಥಾಪಕರಲ್ಲಿ ಒಬ್ಬರಾದ ಸಿ.ಎಂ.ಐ. ಸಭೆ 1969ರಲ್ಲಿ ಹೊಸೂರು ರಸ್ತೆಯಲ್ಲಿ ಕ್ರೈಸ್ಟ್ ಕಾಲೇಜನ್ನು ಆರಂಭಿಸಿತು. 2004ರಲ್ಲಿ ಸ್ವಾಯತ್ತವಾಯಿತು. 2008ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು.

ಇವು ಮಾತ್ರವೇ ದಾರಿಯಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು 1921ರಲ್ಲಿ ಸ್ಥಾಪಿಸಿದ ಮಂಗಳೂರಿನ ಸಂತ ಆಗ್ನೆಸ್ ಕಾಲೇಜು, ಪುತ್ತೂರಿನ ಸಂತ ಫಿಲೋಮಿನಾ (1958), ಕಲ್ಯಾಣಪುರದ ಮಿಲಾಗ್ರಿಸ್ (1967) ಮೊದಲಾದ ಕಾಲೇಜುಗಳು ತಲೆಮಾರುಗಳಿಂದ ನಮ್ಮ ಮಕ್ಕಳಿಗೆ ಪದವಿ ಕೊಡಿಸಿವೆ. ಮನೆಯಿಂದ ಹೋಗಿ ಬಂದು ಓದಬಹುದಾದ ಒಳ್ಳೆಯ ಕಾಲೇಜನ್ನು ಬಿಟ್ಟು ಹೆಸರಿಗಾಗಿ ದೂರದ ನಗರಕ್ಕೆ ಹೋಗಬೇಕೆಂದಿಲ್ಲ.

2. ಪರಿಗಣಿತ, ಸ್ವಾಯತ್ತ, ಸಂಯೋಜಿತ: ವ್ಯತ್ಯಾಸವೇನು?

ಸಂಯೋಜಿತ ಕಾಲೇಜಿನಲ್ಲಿ ಪಾಠಪಟ್ಟಿ, ಪರೀಕ್ಷೆ, ಪದವಿ ಮೂರೂ ವಿಶ್ವವಿದ್ಯಾನಿಲಯದವು. ಸ್ವಾಯತ್ತ ಕಾಲೇಜು ಪಾಠಪಟ್ಟಿ ಮತ್ತು ಪರೀಕ್ಷೆಯನ್ನು ತಾನೇ ನಡೆಸುತ್ತದೆ, ಆದರೆ ಪದವಿ ಪತ್ರ ವಿಶ್ವವಿದ್ಯಾನಿಲಯದಿಂದ ಬರುತ್ತದೆ. ಪರಿಗಣಿತ ವಿಶ್ವವಿದ್ಯಾನಿಲಯದಲ್ಲಿ ಮೂರೂ ಸಂಸ್ಥೆಯವೇ. 1956ರ ಯುಜಿಸಿ ಕಾಯಿದೆಯ 3ನೇ ವಿಧಿಯ ಪ್ರಕಾರ ಕೇಂದ್ರ ಸರಕಾರ ಈ ಸ್ಥಾನ ಕೊಡುತ್ತದೆ.

"ಡೀಮ್ಡ್ ಪದವಿಗೆ ಬೆಲೆ ಇದೆಯೇ?" ಎಂದು ಹಲವರು ಕೇಳುತ್ತಾರೆ. ಇದೆ. ಸರಕಾರಿ ಕೆಲಸಕ್ಕೆ, ಸ್ಪರ್ಧಾತ್ಮಕ ಪರೀಕ್ಷೆಗೆ, ಮೇಲಿನ ವ್ಯಾಸಂಗಕ್ಕೆ ಈ ಪದವಿ ಬೇರೆ ವಿಶ್ವವಿದ್ಯಾನಿಲಯದ ಪದವಿಯಂತೆಯೇ ನಡೆಯುತ್ತದೆ. ಆದರೆ ಸಂಸ್ಥೆಯ ಹೆಸರು ಯುಜಿಸಿಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. 2017ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ ಇಂತಹ ಸಂಸ್ಥೆಗಳು ಬರೇ "ವಿಶ್ವವಿದ್ಯಾನಿಲಯ" ಎಂದು ಬರೆದುಕೊಳ್ಳುವಂತಿಲ್ಲ, ಹೆಸರಿನ ಜೊತೆ "ಪರಿಗಣಿತ ವಿಶ್ವವಿದ್ಯಾನಿಲಯ" ಎಂದು ಸೇರಿಸಬೇಕು. ಆದುದರಿಂದ ಪ್ರವೇಶ ಪತ್ರದಲ್ಲಿ ಆ ಮಾತು ಕಂಡರೆ ಗಾಬರಿಯಾಗುವ ಕಾರಣವಿಲ್ಲ.

3. ಲಿಬರಲ್ ಆರ್ಟ್ಸ್ ಎಂದರೆ ಬಿ.ಎ. ಮಾತ್ರವಲ್ಲ

ಲಿಬರಲ್ ಆರ್ಟ್ಸ್ ಎಂಬ ಮಾತು ಕೇಳಿದರೆ ಚಿತ್ರಕಲೆಯೋ ಬಿ.ಎ. ತರಗತಿಯೋ ಎಂದು ನಮ್ಮವರು ತಿಳಿಯುತ್ತಾರೆ. ಮಧ್ಯಯುಗದ ಯುರೋಪಿನಲ್ಲಿ ಇದಕ್ಕೆ ಏಳು ವಿದ್ಯೆಗಳೆಂಬ ಅರ್ಥವಿತ್ತು: ವ್ಯಾಕರಣ, ತರ್ಕ, ಭಾಷಣಕಲೆ, ಅಂಕಗಣಿತ, ರೇಖಾಗಣಿತ, ಸಂಗೀತ ಮತ್ತು ಖಗೋಳ. ಇವುಗಳಲ್ಲಿ ಭಾಷೆಯೂ ಉಂಟು, ಗಣಿತವೂ ಉಂಟು. ಒಂದು ಕಸುಬಿಗೆ ಮಾತ್ರ ತಯಾರು ಮಾಡುವುದು ಇದರ ಉದ್ದೇಶವಲ್ಲ. ಓದಿದವನು ಸ್ವತಂತ್ರವಾಗಿ ಯೋಚಿಸಿ, ಸ್ಪಷ್ಟವಾಗಿ ಮಾತನಾಡಿ, ಸರಿಯಾಗಿ ತೀರ್ಮಾನಿಸುವಂತಾಗಬೇಕು ಎಂಬುದು ಉದ್ದೇಶ.

ಯೇಸುಸಭೆಯವರು 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಕಾಲೇಜು ತೆರೆದು, 1599ರಲ್ಲಿ ತಮ್ಮ ಶಾಲಾ ಕಾಲೇಜುಗಳಿಗೆಲ್ಲ ಅನ್ವಯಿಸುವ ಪಾಠಕ್ರಮವನ್ನು ಪ್ರಕಟಿಸಿದರು. ಭಾಷೆ, ಸಾಹಿತ್ಯ, ತತ್ವಶಾಸ್ತ್ರ, ಗಣಿತಗಳನ್ನು ಒಂದರ ಮೇಲೊಂದು ಕಟ್ಟುವ ಕ್ರಮ ಅದರಲ್ಲಿತ್ತು. ಇಂಗ್ಲೆಂಡಿನ ಸಂತ ಜಾನ್ ಹೆನ್ರಿ ನ್ಯೂಮನ್ 1852ರಲ್ಲಿ ಡಬ್ಲಿನ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ ವಿಶ್ವವಿದ್ಯಾನಿಲಯದ ಕೆಲಸ ಬುದ್ಧಿಯನ್ನು ಪಳಗಿಸುವುದು ಎಂದು ವಾದಿಸಿದರು. ಇವರನ್ನು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು 2025ರ ನವೆಂಬರ್ 1ರಂದು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಜಗದ್ಗುರುಗಳು ಸ್ವತಃ ಅಮೆರಿಕದ ಫಿಲಡೆಲ್ಫಿಯಾ ನಗರದ ಬಳಿಯಿರುವ ವಿಲನೋವಾ ಎಂಬ ಅಗಸ್ಟೀನಿಯನ್ ಕಥೊಲಿಕ ವಿಶ್ವವಿದ್ಯಾನಿಲಯದಲ್ಲಿ 1977ರಲ್ಲಿ ಗಣಿತದ ಪದವಿ ಪಡೆದವರು.

ಇಂದಿನ ತರಗತಿಯಲ್ಲಿ ಇದರ ರೂಪ ಸರಳ. ಬಿ.ಎಸ್ಸಿ. ಓದುವವಳು ಒಂದು ಸೆಮಿಸ್ಟರಿನಲ್ಲಿ ಮನಶ್ಶಾಸ್ತ್ರದ ಪತ್ರಿಕೆಯನ್ನೂ, ಬಿ.ಕಾಂ. ವಿದ್ಯಾರ್ಥಿ ಪರಿಸರ ಅಥವಾ ಸಾಹಿತ್ಯದ ಪತ್ರಿಕೆಯನ್ನೂ ಓದುತ್ತಾರೆ. ಗ್ರಾಮಗಳಲ್ಲಿ, ಕೊಳಚೆ ಪ್ರದೇಶಗಳಲ್ಲಿ ಸೇವೆ ಮಾಡುವುದು ವ್ಯಾಸಂಗದ ಭಾಗವಾಗಿರುತ್ತದೆ. ಪ್ರಬಂಧ ಬರೆಯುವುದು, ತರಗತಿಯ ಮುಂದೆ ನಿಂತು ವಿಷಯ ಮಂಡಿಸುವುದು ಅಂಕಕ್ಕೆ ಸೇರುತ್ತದೆ. ಕಂಠಪಾಠ ಮಾಡಿ ಒಳ್ಳೆಯ ಅಂಕ ತೆಗೆದ ಮಕ್ಕಳಿಗೆ ಮೊದಲ ವರ್ಷ ಇದು ಕಷ್ಟವೆನಿಸುತ್ತದೆ. ಕನ್ನಡ ಮಾಧ್ಯಮದಿಂದ ಹೋದವರಿಗೆ ಇನ್ನೂ ಹೆಚ್ಚು. ಅಂಥವರಿಗೆ ಇಂಗ್ಲಿಷ್ ಕಲಿಸುವ ಹೆಚ್ಚುವರಿ ತರಗತಿ ಇದೆಯೇ ಎಂದು ಸೇರುವ ಮೊದಲೇ ಕೇಳಿರಿ.

"ಬಿ.ಎ. ಮಾಡಿ ಏನು ಪ್ರಯೋಜನ?" ಎಂಬ ಮಾತು ನಮ್ಮಲ್ಲಿ ಬೇಗ ಬಾಯಿಗೆ ಬರುತ್ತದೆ. ಕಾನೂನು, ಪತ್ರಿಕೋದ್ಯಮ, ಸಮಾಜಕಾರ್ಯ, ಅಧ್ಯಾಪನ, ಆಡಳಿತ ಸೇವೆ ಎಲ್ಲದಕ್ಕೂ ಇಲ್ಲಿಂದ ದಾರಿಯಿದೆ. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಫಾದರ್ ಜೆರೋಮ್ ಡಿಸೋಜಾ ಅವರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. ಅಲ್ಲಿ ಎದ್ದುನಿಂತು ವಾದಿಸಲು ಬೇಕಾದದ್ದು ಇಂತಹ ವಿದ್ಯೆಯೇ. ಆದರೆ ಮಗುವಿಗೆ ಓದುವ, ಬರೆಯುವ ಆಸಕ್ತಿ ಇದ್ದರೆ ಮಾತ್ರ ಈ ದಾರಿ. ಬೇರೆಲ್ಲೂ ಸೀಟು ಸಿಗಲಿಲ್ಲವೆಂದು ಸೇರಿಸಿದರೆ ಮಗುವಿಗೂ ನಷ್ಟ, ಹಣವೂ ನಷ್ಟ.

4. "ಕಥೊಲಿಕ" ಎಂಬ ಹೆಸರಿನ ಅರ್ಥ

ಸಂತ ಎರಡನೆಯ ಜಾನ್ ಪಾವ್ಲರು 1990ರ ಆಗಸ್ಟ್ 15ರಂದು ಕಥೊಲಿಕ ವಿಶ್ವವಿದ್ಯಾನಿಲಯಗಳ ಕುರಿತು 'ಎಕ್ಸ್ ಕೋರ್ದೆ ಎಕ್ಲೇಸಿಯೆ' ಎಂಬ ಪ್ರೇಷಿತ ಸಂವಿಧಾನವನ್ನು ಹೊರಡಿಸಿದರು. ಸತ್ಯದ ಹುಡುಕಾಟ, ವಿಶ್ವಾಸದ ಬೆಳಕಿನಲ್ಲಿ ಚಿಂತನೆ, ಸಮಾಜಕ್ಕೆ ಸೇವೆ ಇವು ಇಂತಹ ಸಂಸ್ಥೆಯ ಗುರುತುಗಳು ಎಂದು ಅದು ಹೇಳುತ್ತದೆ. ಪ್ರತಿಯೊಬ್ಬರ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಗೌರವಿಸಬೇಕು ಎಂದೂ ಸ್ಪಷ್ಟವಾಗಿ ಹೇಳುತ್ತದೆ.

ನಮ್ಮ ದೇಶದಲ್ಲಿ ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಪ್ರಕಾರ ಸರಕಾರದಿಂದ ಮಾನ್ಯತೆ ಅಥವಾ ನೆರವು ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಹೀಗಾಗಿ ಈ ಕ್ಯಾಂಪಸ್ಸುಗಳಲ್ಲಿ ಎಲ್ಲ ಧರ್ಮದ ವಿದ್ಯಾರ್ಥಿಗಳು ಜೊತೆಯಾಗಿ ಓದುತ್ತಾರೆ. ನಮ್ಮ ಮಕ್ಕಳು ಇತರರ ಜೊತೆ ಬೆರೆತು, ತಮ್ಮ ವಿಶ್ವಾಸವನ್ನು ನಾಚಿಕೆಯಿಲ್ಲದೆ, ಬಡಾಯಿಯೂ ಇಲ್ಲದೆ ಬಾಳಲು ಕಲಿಯುವ ಸ್ಥಳ ಅದು.

ಚಾಪೆಲ್ ಇದೆ ಎಂಬ ಮಾತ್ರಕ್ಕೆ ಮಗುವಿನ ವಿಶ್ವಾಸ ತಾನಾಗಿ ಬೆಳೆಯುವುದಿಲ್ಲ. ಸಂತ ಅಲೋಶಿಯಸ್ ಗೊನ್ಝಾಗರು 1591ರಲ್ಲಿ, 23ನೇ ವಯಸ್ಸಿನಲ್ಲಿ ತೀರಿಕೊಂಡದ್ದು ರೋಮಿನಲ್ಲಿ ರೋಗ ಹರಡಿದಾಗ ಸೋಂಕಿತರ ಆರೈಕೆ ಮಾಡಿ. ಓದುತ್ತಿದ್ದ ಯುವಕನೊಬ್ಬ ಪುಸ್ತಕ ಮುಚ್ಚಿಟ್ಟು ರೋಗಿಯನ್ನು ಹೆಗಲ ಮೇಲೆ ಹೊತ್ತದ್ದನ್ನು ನೆನಪಿಟ್ಟರೆ ಇಂತಹ ಸಂಸ್ಥೆಯಿಂದ ಏನನ್ನು ಕೇಳಬೇಕೆಂದು ತಿಳಿಯುತ್ತದೆ.

5. ಮೂರು ವರ್ಷವೋ ನಾಲ್ಕು ವರ್ಷವೋ?

ಇದು ಈಗ ಪೋಷಕರನ್ನು ಗೊಂದಲಕ್ಕೀಡುಮಾಡುವ ವಿಷಯ. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್ ಪದವಿಗೆ 160 ಕ್ರೆಡಿಟ್ ಎಂದಿದೆ. ಕರ್ನಾಟಕ ಸರಕಾರ 2024-25ರಿಂದ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಪರಿಗಣಿತ ವಿಶ್ವವಿದ್ಯಾನಿಲಯಗಳು ಯುಜಿಸಿ ಚೌಕಟ್ಟಿನೊಳಗೆ ತಮ್ಮದೇ ಕ್ರಮ ಇಟ್ಟುಕೊಳ್ಳಬಹುದು. ಸೇರುವ ಕೋರ್ಸು ಎಷ್ಟು ವರ್ಷದ್ದು, ಮೂರನೇ ವರ್ಷದ ಕೊನೆಗೆ ಪದವಿ ಪಡೆದು ಹೊರಬರಬಹುದೇ ಎಂದು ಲಿಖಿತವಾಗಿ ಕೇಳಿರಿ. ಮುಂದೆ ಸಂಶೋಧನೆಗೆ ಅಥವಾ ವಿದೇಶಕ್ಕೆ ಹೋಗುವವರಿಗೆ ನಾಲ್ಕನೇ ವರ್ಷ ಉಪಯುಕ್ತ. ಬೇಗ ದುಡಿಮೆಗೆ ಇಳಿಯಬೇಕಾದ ಮನೆಗೆ ಅದು ಇನ್ನೊಂದು ವರ್ಷದ ಖರ್ಚು.

6. ಶುಲ್ಕ ಮತ್ತು ನೆರವು

ಶುಲ್ಕ ಪ್ರತಿ ವರ್ಷ, ಪ್ರತಿ ಕೋರ್ಸಿಗೆ ಬೇರೆ. ನೆರೆಮನೆಯ ಹುಡುಗ ಎರಡು ವರ್ಷದ ಹಿಂದೆ ಕಟ್ಟಿದ ಮೊತ್ತವನ್ನು ನಂಬಿ ಹೋಗಬೇಡಿ. ಒಂದು ವರ್ಷದ ಶುಲ್ಕವಲ್ಲ, ಪೂರ್ತಿ ಕೋರ್ಸಿನ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲು, ಬಸ್ಸು, ಪುಸ್ತಕ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿರಿ. ಆಮೇಲೆ ತೀರ್ಮಾನಿಸಿರಿ.

ನೆರವಿನ ಮುಖ್ಯ ದಾರಿಗಳು ಇವು:

- ರಾಜ್ಯ ವಿದ್ಯಾರ್ಥಿವೇತನ: ಅರ್ಜಿಯನ್ನು ಎಸ್.ಎಸ್.ಪಿ. ತಾಣದಲ್ಲಿ ಸಲ್ಲಿಸಬೇಕು. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಕ್ರೈಸ್ತರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ ಪ್ರವರ್ಗಕ್ಕೆ, ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದವರು ಪ್ರವರ್ಗ 1ಕ್ಕೆ ಸೇರುತ್ತಾರೆ.

- ಕೇಂದ್ರ ವಲಯದ ವಿದ್ಯಾರ್ಥಿವೇತನ: ಪಿ.ಯು.ಸಿ.ಯಲ್ಲಿ ಉತ್ತಮ ಅಂಕ ಪಡೆದ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂ. ಮೀರದವರಿಗೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ತಾಣದಲ್ಲಿ.

- ಬೀಡಿ ಕಾರ್ಮಿಕರ ಮಕ್ಕಳಿಗೆ: ಕೇಂದ್ರ ಕಾರ್ಮಿಕ ಸಚಿವಾಲಯದ ಪ್ರತ್ಯೇಕ ವಿದ್ಯಾರ್ಥಿವೇತನವಿದೆ. ತಾಯಿಯ ಬೀಡಿ ಕಾರ್ಮಿಕರ ಗುರುತುಚೀಟಿ ಮನೆಯ ಕಪಾಟಿನಲ್ಲಿದ್ದರೂ ಎಷ್ಟೋ ಮನೆಗಳು ಇದನ್ನು ಕೇಳುವುದಿಲ್ಲ.

- ಬ್ಯಾಂಕ್ ಸಾಲ: 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಆಸ್ತಿ ಅಡವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ಸಿಗುತ್ತದೆ. ಸಂಸ್ಥೆ ಆ ವರ್ಷದ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು.

- ಅರಿವು ಸಾಲ: ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಈ ಸಾಲ ಮುಖ್ಯವಾಗಿ ವೃತ್ತಿಪರ ಕೋರ್ಸುಗಳಿಗೆ. ಬಿ.ಎ., ಬಿ.ಎಸ್ಸಿ. ಸೇರುವವರು ಇದನ್ನೇ ನಂಬಿ ಕೂರಬಾರದು.

- ಸಂಸ್ಥೆಯ ರಿಯಾಯಿತಿ: ಬಡ ವಿದ್ಯಾರ್ಥಿಗಳಿಗೆ ಸಂಸ್ಥೆಯಲ್ಲೇ ಇರುವ ನಿಧಿಯ ಬಗ್ಗೆ ಕೇಳಲು ಸಂಕೋಚ ಬೇಡ. ಪ್ರವೇಶದ ದಿನವೇ ಕೇಳಿರಿ, ಶುಲ್ಕ ಬಾಕಿಯಾದ ಮೇಲೆ ಅಲ್ಲ.

ಇನ್ನೊಂದು ವಿಷಯ. ಎರಡು ಕಡೆ ಸೀಟು ಹಿಡಿದು ಒಂದು ಬಿಡುವವರು ಯುಜಿಸಿಯ 2018ರ ಅಧಿಸೂಚನೆಯನ್ನು ತಿಳಿದಿರಬೇಕು. ಪ್ರವೇಶದ ಕೊನೆಯ ದಿನಕ್ಕಿಂತ 15 ದಿನ ಮೊದಲೇ ಲಿಖಿತವಾಗಿ ಬಿಟ್ಟರೆ, ಕಚೇರಿ ವೆಚ್ಚದ ಸಣ್ಣ ಕಡಿತ ಬಿಟ್ಟು ಶುಲ್ಕ ಪೂರ್ತಿ ಮರಳಬೇಕು. ತಡವಾದಂತೆ ಮರಳುವ ಮೊತ್ತ ಇಳಿಯುತ್ತದೆ. ಕೊನೆಯ ದಿನ ಕಳೆದು 30 ದಿನವಾದ ಮೇಲೆ ಏನೂ ಬಾರದು. ಮೂಲ ಅಂಕಪಟ್ಟಿಯನ್ನು ಸಂಸ್ಥೆ ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ, ಪರಿಶೀಲಿಸಿ ಹಿಂದಿರುಗಿಸಬೇಕು.

7. ನಗರದಲ್ಲಿ ವಾಸ

ಮಂಗಳೂರಿಗೆ ಬಂಟ್ವಾಳ, ಮೂಡುಬಿದಿರೆ, ಸುರತ್ಕಲ್ ಕಡೆಯಿಂದ ದಿನಾ ಹೋಗಿ ಬರಬಹುದು. ಬೆಂಗಳೂರಿಗಾದರೆ ಹಾಸ್ಟೆಲು ಅಥವಾ ಪಿ.ಜಿ. ಬೇಕೇ ಬೇಕು. ಹಾಸ್ಟೆಲಿಗೆ ಪ್ರತ್ಯೇಕ ಅರ್ಜಿ ಹಾಕಬೇಕಾಗುತ್ತದೆ, ಸೀಟು ಸಿಕ್ಕಿದ ಮಾತ್ರಕ್ಕೆ ಕೋಣೆ ಸಿಗುವುದಿಲ್ಲ. ಹೆತ್ತವರಲ್ಲಿ ಒಬ್ಬರಾದರೂ ಹೋಗಿ ಜಾಗ ನೋಡಿ ಬರುವುದು ಒಳ್ಳೆಯದು.

ಮನೆಯಲ್ಲಿ ಸಂಜೆ ತೇರ್ಸಕ್ಕೆ ಕೂರುತ್ತಿದ್ದ ಮಗು ನಗರದಲ್ಲಿ ಒಂಟಿ. ಸೇರಿದ ಮೊದಲ ತಿಂಗಳಲ್ಲೇ ಅಲ್ಲಿನ ಚರ್ಚಿನ ಯುವಜನರ ಪರಿಚಯವಾದರೆ ಮುಂದಿನ ಮೂರು ವರ್ಷ ಸುಲಭ. ಇದಕ್ಕೆ ನಮ್ಮ ವಿಚಾರಣಾ ಗುರುಗಳ ಒಂದು ಪತ್ರ ಅಥವಾ ಫೋನ್ ಕರೆ ಸಾಕು. ಮಗು ಸೋತು ಮನೆಗೆ ಫೋನ್ ಮಾಡಿದರೆ "ಅಷ್ಟು ಹಣ ಕಟ್ಟಿದ್ದೇವೆ" ಎಂಬುದು ಮೊದಲ ಮಾತಾಗದಿರಲಿ.

8. ಧರ್ಮಕೇಂದ್ರ ಏನು ಮಾಡಬಹುದು?

ವಿದ್ಯಾರ್ಥಿವೇತನದ ಹಣ ಖಾತೆಗೆ ಬರುವುದು ಪ್ರವೇಶವಾಗಿ ತಿಂಗಳುಗಳ ಮೇಲೆ. ಆದರೆ ಮೊದಲ ಕಂತನ್ನು ಕಟ್ಟಲು ಸಿಗುವುದು ಕೆಲವೇ ದಿನ. ಬಡ ಮನೆಯ ಬುದ್ಧಿವಂತ ಮಗುವಿನ ಸೀಟು ತಪ್ಪುವುದು ಹೆಚ್ಚಾಗಿ ಈ ನಡುವಿನ ಅವಧಿಯಲ್ಲಿ. ಕೆಲವು ಮನೆಗಳು ಆಗ ಬಂಗಾರ ಅಡವಿಡುತ್ತವೆ, ಇನ್ನು ಕೆಲವು ಸುಮ್ಮನಾಗುತ್ತವೆ. ಸುಮ್ಮನಾದವರ ವಿಷಯ ನಮಗೆ ಗೊತ್ತೇ ಆಗುವುದಿಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಪಾಲನಾ ಮಂಡಳಿ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ, ಕಥೊಲಿಕ್ ಸಭಾ ಸೇರಿ ಒಂದು ಚಿಕ್ಕ "ಮೊದಲ ಕಂತಿನ ನಿಧಿ" ಇಟ್ಟುಕೊಳ್ಳಬಹುದು. ಇದು ದಾನವಲ್ಲ, ಬಡ್ಡಿಯಿಲ್ಲದ ಕೈಸಾಲ. ವಿದ್ಯಾರ್ಥಿವೇತನ ಅಥವಾ ಬ್ಯಾಂಕ್ ಸಾಲ ಬಂದಾಗ ಹಿಂದಿರುಗಿಸಿದರೆ ಮುಂದಿನ ವರ್ಷ ಇನ್ನೊಂದು ಮಗುವಿಗೆ ಅದೇ ಹಣ ನೆರವಾಗುತ್ತದೆ. ಕೊಡುವಾಗ ಹೆಸರು ಪ್ರಕಟಿಸಬಾರದು, ವೇದಿಕೆಗೆ ಕರೆಯಬಾರದು.

ಜೊತೆಗೆ ಏಪ್ರಿಲ್, ಮೇ ತಿಂಗಳ ಎರಡು ಭಾನುವಾರ ಐ.ಸಿ.ವೈ.ಎಂ. ಯುವಜನರು ಚರ್ಚ್ ಸಭಾಂಗಣದಲ್ಲಿ ಕಂಪ್ಯೂಟರ್ ಇಟ್ಟು ಅರ್ಜಿ ತುಂಬಲು ಸಹಾಯ ಮಾಡಬಹುದು. ಆಗಲೇ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನು ಕರೆದು ಮಾತನಾಡಿಸಬಹುದು. ಪ್ರಮಾಣ ಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಮಾಡಿಸಿಡುವಂತೆ ಗುರಿಕಾರರು ವಾರ್ಡಿನ ಸಭೆಯಲ್ಲಿ ನೆನಪಿಸಬಹುದು.

ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಪದವಿ ಪತ್ರ ಕೊಡುವವರು ಯಾರು? ಹೆಸರು ಯುಜಿಸಿ ಪಟ್ಟಿಯಲ್ಲಿದೆಯೇ?
2. ಕೋರ್ಸು ಮೂರು ವರ್ಷದ್ದೋ ನಾಲ್ಕು ವರ್ಷದ್ದೋ?
3. ಪೂರ್ತಿ ಕೋರ್ಸಿನ ಒಟ್ಟು ಖರ್ಚು ಎಷ್ಟು? ಕಂತಿನಲ್ಲಿ ಕಟ್ಟಬಹುದೇ?
4. ಬಡ ವಿದ್ಯಾರ್ಥಿಗಳಿಗೆ ಏನು ರಿಯಾಯಿತಿ ಇದೆ?
5. ಕನ್ನಡ ಮಾಧ್ಯಮದವರಿಗೆ ಏನು ಸಹಾಯ ಇದೆ?
6. ಈ ವಿಷಯ ಮಗುವಿಗೆ ಇಷ್ಟವೇ, ಅಥವಾ ನಮಗೆ ಮಾತ್ರ ಇಷ್ಟವೇ?

ಕೊನೆಯ ಪ್ರಶ್ನೆಯನ್ನು ಕಾಲೇಜಿನ ಕಚೇರಿಯಲ್ಲಿ ಕೇಳಲಾಗದು, ಮನೆಯಲ್ಲೇ ಕೇಳಬೇಕು. 1880ರಲ್ಲಿ ಮಂಗಳೂರಿನಲ್ಲಿ ಕಾಲೇಜು ತೆರೆದದ್ದು ಇಲ್ಲಿನ ಮಕ್ಕಳು ಓದಲು ದೂರದೂರಿಗೆ ಹೋಗುವ ಕಷ್ಟ ತಪ್ಪಲಿ ಎಂದು. ಈಗ ಕಾಲೇಜು ವಿಶ್ವವಿದ್ಯಾನಿಲಯವಾಗಿದೆ. ಅದರ ಬಾಗಿಲು ನಮ್ಮ ವಾರ್ಡಿನ ಕೊನೆಯ ಮನೆಯ ಮಗುವಿಗೂ ತೆರೆದಿರುವಂತೆ ನೋಡಿಕೊಳ್ಳುವುದು ಸಂಸ್ಥೆಯ ಕರ್ತವ್ಯ, ನಮ್ಮದೂ ಕರ್ತವ್ಯ.